ಜಪಾನ್ ಇತಿಹಾಸದ ಬಹುಸಂಪುಟ ಆಕರ ಗ್ರಂಥಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಷ್ಟೊಂದು ಸೆಟ್‌ಗಳಿವೆ. ಒಂದೇ ಒಂದನ್ನು ಹೇಳಿ ಅಂದರೆ ಯಾವುದು?

ಜಪಾನಿ ಓದಲು ಬಂದರೆ ಕೊಕುಶಿ ದಾಯ್‌ಜಿತೆನ್. ಬಾರದಿದ್ದರೆ ಕೇಂಬ್ರಿಡ್ಜ್ ಹಿಸ್ಟರಿ ಆಫ್ ಜಪಾನ್. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ಆದರೆ ಇವೆರಡೂ ಒಂದೇ ಬಗೆಯ ಪುಸ್ತಕಗಳಲ್ಲ. ಮೊದಲನೆಯದರಲ್ಲಿ ಹೆಸರು ಹಿಡಿದು ಹುಡುಕುತ್ತೇವೆ. ಎರಡನೆಯದು ದೊಡ್ಡ ದೊಡ್ಡ ಪ್ರಬಂಧಗಳ ಸಂಗ್ರಹ. ಇವಲ್ಲದೆ ಮೂರನೇ ಬಗೆಯೊಂದಿದೆ: ಹಳೆಯ ದಾಖಲೆಗಳನ್ನೇ ಜೋಡಿಸಿ ಅಚ್ಚು ಹಾಕಿದ ಸಂಪುಟಗಳು. ಹೊಸಬರು ಎಡವುವುದು ಇಲ್ಲೇ. ಯಾವುದೋ ಹೆಸರಿನ ಬಗ್ಗೆ ನಾಲ್ಕು ಸಾಲು ಬೇಕಿದ್ದವರು ದಾಖಲೆ ಸಂಪುಟ ತೆರೆದು ಕೂರುತ್ತಾರೆ. ವಾದ, ವಿಶ್ಲೇಷಣೆ ಬೇಕಿದ್ದವರು ಕೋಶದಲ್ಲಿ ತಡಕಾಡುತ್ತಾರೆ. ನಿಮ್ಮ ಪ್ರಶ್ನೆ ಯಾವ ಬಗೆಯದು ಅಂತ ಮೊದಲು ನೋಡಿಕೊಳ್ಳಿ. ಸೆಟ್ ಯಾವುದು ಅನ್ನೋದು ಆಮೇಲಿನ ಮಾತು.

ಕೊಕುಶಿ ದಾಯ್‌ಜಿತೆನ್‌ನಲ್ಲಿ ಅಂಥದ್ದೇನಿದೆ?

ಇದು ಟೋಕಿಯೋದ ಯೊಶಿಕಾವಾ ಕೋಬುನ್‌ಕಾನ್ ಪ್ರಕಾಶನದ್ದು. 1979ರಿಂದ 1997ರವರೆಗೆ ಬಂತು. ಲೆಕ್ಕಕ್ಕೆ 15 ಸಂಪುಟ. ಆದರೆ ಕಪಾಟಿನಲ್ಲಿ ಎಣಿಸಿದರೆ 17 ಪುಸ್ತಕ, ಯಾಕೆಂದರೆ ಕೊನೆಯ ಸಂಪುಟ ಪೂರ್ತಿ ಸೂಚಿಯೇ, ಅದೇ ಮೂರು ಪುಸ್ತಕವಾಗಿದೆ. ಒಟ್ಟು ಸುಮಾರು 54,000 ನಮೂದುಗಳು. ಜನ, ಯುದ್ಧ, ದೇವಾಲಯ, ಹುದ್ದೆ, ತೆರಿಗೆ, ಗ್ರಂಥ, ಒಪ್ಪಂದ, ಎಲ್ಲವೂ ಜಪಾನಿ ಅಕ್ಷರಮಾಲೆಯ ಕ್ರಮದಲ್ಲಿವೆ.

ಇದರ ಬೆಲೆ ಗೊತ್ತಾಗುವುದು ನಮೂದಿನ ತುದಿಗೆ ಬಂದಾಗ. ಬರೆದವರ ಹೆಸರು ಅಲ್ಲಿರುತ್ತದೆ. ದೊಡ್ಡ ನಮೂದಾದರೆ ಮುಂದೆ ಏನು ಓದಬೇಕು ಅನ್ನುವ ಪಟ್ಟಿಯೂ ಇರುತ್ತದೆ. ಅಂದರೆ ಯಾರು ಹೇಳಿದ್ದು, ಯಾವುದನ್ನು ನೋಡಿ ಹೇಳಿದ್ದು ಅಂತ ನೀವೇ ಪರೀಕ್ಷೆ ಮಾಡಬಹುದು. ಸಹಿ ಇಲ್ಲದ ವಿಶ್ವಕೋಶಕ್ಕೂ ಇದಕ್ಕೂ ಅಲ್ಲೇ ವ್ಯತ್ಯಾಸ.

ಹಾಗಾದರೆ ಅದರಲ್ಲಿ ಇದ್ದದ್ದೆಲ್ಲ ಕೊನೆಯ ಮಾತಾ?

ಅಲ್ಲ. ಇಲ್ಲಿ ಒಂದು ಸಣ್ಣ ಸೂಕ್ಷ್ಮ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಅಕ್ಷರಮಾಲೆ ಕ್ರಮದಲ್ಲಿ ಸಂಪುಟಗಳು ಒಂದೊಂದಾಗಿ ಬಂದವು, ಹಾಗಾಗಿ 'ಅ'ದಿಂದ ಶುರುವಾಗುವ ನಮೂದುಗಳು 1979ರವು, 'ವ'ದಿಂದ ಶುರುವಾಗುವವು 1993ರವು. ಒಂದೇ ಸೆಟ್ ಒಳಗೆ ಹದಿನಾಲ್ಕು ವರ್ಷದ ಅಂತರ.

ಅಜುಚಿ ಕೋಟೆಯನ್ನೇ ತೆಗೆದುಕೊಳ್ಳಿ. ಬೀವಾ ಸರೋವರದ ದಡದಲ್ಲಿ ಹದಿನಾರನೇ ಶತಮಾನದ ಸೇನಾನಾಯಕ ಒದಾ ನೊಬುನಾಗಾ ಕಟ್ಟಿಸಿದ ಕೋಟೆ ಅದು. ಹೆಸರು 'ಅ'ದಿಂದ ಶುರು, ಹಾಗಾಗಿ ಮೊದಲ ಸಂಪುಟದಲ್ಲಿದೆ. ಆದರೆ ಶಿಗಾ ಪ್ರಾಂತ್ಯದ ಸರ್ಕಾರ ಆ ಜಾಗದಲ್ಲಿ ಇಪ್ಪತ್ತು ವರ್ಷದ ಉತ್ಖನನ ಯೋಜನೆ ಶುರು ಮಾಡಿದ್ದೇ 1989ರಲ್ಲಿ. ಅಗೆದಾಗ ಸಿಕ್ಕಿದ್ದು ಯಾವುದೂ ಆ ನಮೂದಿನಲ್ಲಿ ಇರಲು ಸಾಧ್ಯವೇ ಇಲ್ಲ. ಜಪಾನ್‌ನಾಲೆಜ್ ಜಾಲತಾಣದಲ್ಲಿ ಚಂದಾ ಕೊಟ್ಟು ಓದುವ ಡಿಜಿಟಲ್ ರೂಪದಲ್ಲೂ ಬರಹ ಬಹುಪಾಲು ಅಚ್ಚಿನದ್ದೇ. ಪರದೆ ಮೇಲೆ ಕಂಡಿತು ಅಂದ ಮಾತ್ರಕ್ಕೆ ಹೊಸದು ಅಂದುಕೊಳ್ಳಬೇಡಿ.

ನನಗೆ ಜಪಾನಿ ಬರಲ್ಲ. ಕೇಂಬ್ರಿಡ್ಜ್ ಸೆಟ್ ಸಾಕಾ?

ಶುರು ಮಾಡಲು ಧಾರಾಳ ಸಾಕು. ಆರು ಸಂಪುಟ: ಪ್ರಾಚೀನ ಕಾಲ, ಹೆಯಾನ್ ಕಾಲ (ಸುಮಾರು 794ರಿಂದ 1185), ಮಧ್ಯಯುಗ, ಆಧುನಿಕ ಯುಗದ ಆರಂಭ, ಹತ್ತೊಂಬತ್ತನೇ ಶತಮಾನ, ಇಪ್ಪತ್ತನೇ ಶತಮಾನ. ಬಂದದ್ದು ಮಾತ್ರ ಹಿಂದುಮುಂದಾಗಿ. ಪೀಟರ್ ಡ್ಯೂಸ್ ಸಂಪಾದಿಸಿದ ಆರನೇ ಸಂಪುಟ 1988ರಲ್ಲೇ ಮೊದಲು ಬಂತು. ಹೆಯಾನ್ ಕಾಲದ ಎರಡನೇ ಸಂಪುಟ 1999ರಲ್ಲಿ ಎಲ್ಲಕ್ಕಿಂತ ಕೊನೆಗೆ. ಪ್ರಧಾನ ಸಂಪಾದಕರಲ್ಲಿ ಒಬ್ಬರಾಗಿದ್ದ ಜಾನ್ ವಿಟ್ನಿ ಹಾಲ್ 1997ರಲ್ಲೇ ತೀರಿಕೊಂಡರು, ಸೆಟ್ ಪೂರ್ತಿಯಾಗಿದ್ದನ್ನು ನೋಡಲಿಲ್ಲ.

ಸಾಲಾಗಿ ಓದಲು ಹೋಗಬೇಡಿ. ಒಂದೊಂದು ಅಧ್ಯಾಯವನ್ನೂ ಒಬ್ಬೊಬ್ಬ ವಿದ್ವಾಂಸರು ಬರೆದಿದ್ದಾರೆ. ಶೈಲಿ ಬೇರೆ, ಒತ್ತು ಬೇರೆ. ಒಬ್ಬರಿಗೆ ಭೂಮಿ, ಕಂದಾಯ ಮುಖ್ಯ, ಇನ್ನೊಬ್ಬರಿಗೆ ಆಸ್ಥಾನದ ರಾಜಕೀಯ. ನಿಮಗೆ ಬೇಕಾದ ಅಧ್ಯಾಯ ಹುಡುಕಿ, ಅದನ್ನು ಪೂರ್ತಿ ಓದಿ, ಮುಚ್ಚಿಡಿ.

ಕಥೆಯ ಹಾಗೆ ಒಂದೇ ದನಿಯಲ್ಲಿ ಓದಬೇಕು ಅನ್ನುವವರಿಗೆ ಜಾರ್ಜ್ ಸ್ಯಾನ್ಸಮ್ ಅವರ ಮೂರು ಸಂಪುಟ ಇವೆ. 1958, 1961, 1963ರಲ್ಲಿ ಬಂದವು. ಮೊದಲನೆಯದು 1334ರವರೆಗೆ, ಎರಡನೆಯದು 1615ರವರೆಗೆ, ಮೂರನೆಯದು 1867ರವರೆಗೆ. ಹಳತಾಗಿದೆ, ನಿಜ. ಆದರೆ ಒಬ್ಬರೇ ಬರೆದ ಕಾರಣ ಓದಿಸಿಕೊಂಡು ಹೋಗುತ್ತದೆ. ಬ್ರಿಟಿಷ್ ರಾಜತಾಂತ್ರಿಕರಾಗಿ ದಶಕಗಳ ಕಾಲ ಜಪಾನಿನಲ್ಲಿದ್ದ ಮನುಷ್ಯ ಅವರು.

ಸಣ್ಣ ಸಣ್ಣ ವಿಷಯ ಇಂಗ್ಲಿಷಿನಲ್ಲಿ ನೋಡಬೇಕಾದರೆ ಕೊಡಾನ್ಶಾ ವಿಶ್ವಕೋಶ, 9 ಸಂಪುಟ, 1983ರದ್ದು.

ಕೇಂಬ್ರಿಡ್ಜ್ ಸೆಟ್ ಹಳೆಯದಾಯಿತು ಅಂತಾರಲ್ಲ?

ಕೆಲವು ಕಡೆ ಹೌದು. ಆರನೇ ಸಂಪುಟದಲ್ಲಿ ಯುದ್ಧಾನಂತರದ ರಾಜಕೀಯ, ಆರ್ಥಿಕತೆಯ ಅಧ್ಯಾಯಗಳು 1973ಕ್ಕೆ ನಿಲ್ಲುತ್ತವೆ. ತೈಲ ಬಿಕ್ಕಟ್ಟಿನ ವರ್ಷ ಅದು. ಎಂಬತ್ತರ ದಶಕದಲ್ಲಿ ಗಗನಕ್ಕೇರಿದ ಷೇರು, ಜಮೀನಿನ ಬೆಲೆ, ಆಮೇಲಿನ ಕುಸಿತ, ಇವು ಯಾವುವೂ ಅಲ್ಲಿ ಸಿಗುವುದಿಲ್ಲ. ಹೆಂಗಸರ ಬದುಕು, ಒಕಿನಾವಾ, ಐನು ಜನ, ಜಪಾನಿನ ವಸಾಹತುಗಳ ಬಗ್ಗೆ ಕಳೆದ ಮೂವತ್ತು ವರ್ಷದಲ್ಲಿ ನಡೆದ ಕೆಲಸವೂ ಅಲ್ಲಿ ಇರಲಾರದು.

ಹೊಸ ಕೇಂಬ್ರಿಡ್ಜ್ ಸೆಟ್ 2023ರಿಂದ ಬರತೊಡಗಿದೆ. ಲಾರಾ ಹೈನ್ ಪ್ರಧಾನ ಸಂಪಾದಕಿ. ಯೋಜನೆ ಮೂರು ಸಂಪುಟದ್ದು. ಜಪಾನನ್ನು ಒಂಟಿ ದ್ವೀಪವಾಗಿ ನೋಡದೆ ಏಷ್ಯಾದ ಜೊತೆ ಇಟ್ಟು ನೋಡುವುದು ಅದರ ಧಾಟಿ. ಆದರೆ ಮೂರು ಸಂಪುಟದಲ್ಲಿ ಆರು ಸಂಪುಟದ ವಿವರ ಹಿಡಿಸಲಾಗುತ್ತದಾ? ಕಾಮಕುರಾ ಕಾಲದ (ಸುಮಾರು 1185ರಿಂದ 1333) ಭೂಹಿಡುವಳಿ ಬೇಕು ಅಂದರೆ ಹಳೆಯ ಮೂರನೇ ಸಂಪುಟಕ್ಕೇ ಹೋಗಬೇಕು. ನನ್ನ ಅಭಿಪ್ರಾಯದಲ್ಲಿ ಹೊಸದು ಬಂತೆಂದು ಹಳೆಯದನ್ನು ಅಟ್ಟಕ್ಕೆ ಹಾಕುವುದು ದಡ್ಡತನ.

ನನಗೆ ಮೂಲ ದಾಖಲೆಗಳೇ ಬೇಕು. ಎಲ್ಲಿಂದ ಶುರು ಮಾಡಲಿ?

ದಾಯ್ ನಿಹೋನ್ ಶಿರ್ಯೋ. ಟೋಕಿಯೋ ವಿಶ್ವವಿದ್ಯಾಲಯದ ಇತಿಹಾಸ ಸಂಕಲನ ಸಂಸ್ಥೆ 1901ರಿಂದ ಇದನ್ನು ಅಚ್ಚು ಹಾಕುತ್ತಿದೆ. ಈಗಾಗಲೇ 400 ಸಂಪುಟ ದಾಟಿದೆ. ಇನ್ನೂ ಮುಗಿದಿಲ್ಲ.

ಇದರ ರಚನೆ ನೋಡಿದರೆ ಖುಷಿಯಾಗುತ್ತದೆ. ಪಂಚಾಂಗದ ಹಾಗೆ ದಿನದಿನಕ್ಕೆ ಹೋಗುತ್ತದೆ. ಒಂದು ದಿನಾಂಕ, ಅದರ ಕೆಳಗೆ ಅವತ್ತು ಏನಾಯಿತು ಅಂತ ಒಂದೆರಡು ಸಾಲು. ಅಷ್ಟು ಮಾತ್ರ ಸಂಪಾದಕರ ಮಾತು. ಅದರ ಕೆಳಗೆ ಆ ಘಟನೆಯ ಬಗ್ಗೆ ಸಿಕ್ಕ ದಿನಚರಿ, ಕಾಗದ, ದೇವಾಲಯದ ದಾಖಲೆ, ಯುದ್ಧಕಥೆ ಒಂದರ ಹಿಂದೆ ಒಂದು. ಒಂದಕ್ಕೊಂದು ತಾಳೆಯಾಗದಿದ್ದರೂ ಅಕ್ಕಪಕ್ಕದಲ್ಲೇ ಇಟ್ಟಿರುತ್ತಾರೆ. ತೀರ್ಪು ನಿಮ್ಮದು.

ಶುರುವಾಗುವ ವರ್ಷ 887. ಯಾಕೆ ಅಂದರೆ, ಆಸ್ಥಾನವೇ ಬರೆಸಿದ ಆರು ಅಧಿಕೃತ ಚರಿತ್ರೆಗಳು, 720ರ ನಿಹೋನ್ ಶೋಕಿಯಿಂದ 901ರಲ್ಲಿ ಮುಗಿದ ಕೊನೆಯದರವರೆಗೆ, ಆ ವರ್ಷದವರೆಗಿನ ಕಥೆ ಹೇಳಿ ನಿಲ್ಲುತ್ತವೆ. ಅವು ಬಿಟ್ಟಲ್ಲಿಂದ ಇದು ಹಿಡಿಯುತ್ತದೆ. 887ರಿಂದ 1867ರವರೆಗಿನ ಕಾಲವನ್ನು 16 ಸರಣಿಗಳಾಗಿ ಹಂಚಿದ್ದಾರೆ. ಹನ್ನೊಂದನೇ ಸರಣಿ 1582ರ ಹೊನ್ನೋಜಿ ಘಟನೆಯ ದಿನದಿಂದ ಶುರು. ಅಕೆಚಿ ಮಿತ್ಸುಹಿದೆ ತನ್ನ ಒಡೆಯ ನೊಬುನಾಗಾ ಮೇಲೆಯೇ ಕ್ಯೋಟೋದಲ್ಲಿ ತಿರುಗಿ ಬಿದ್ದ ದಿನ ಅದು. ಆ ಸರಣಿಯ ಮೊದಲ ಸಂಪುಟ 1927ರಲ್ಲಿ ಬಂತು. ಇವತ್ತಿಗೂ ಆ ಸರಣಿ 1580ರ ದಶಕ ಬಿಟ್ಟು ಮುಂದೆ ಹೋಗಿಲ್ಲ. ನಿಧಾನ ಅಂದರೆ ನಿಧಾನ. ಆದರೆ ಅಷ್ಟು ಕಾಗದಪತ್ರ ಉಳಿದಿದೆ ಅನ್ನುವುದನ್ನೂ ನೋಡಬೇಕಲ್ಲ!

ಇತಿಹಾಸ ಬರೆಯುವುದು ಬಿಟ್ಟು ಬರೀ ದಾಖಲೆ ಯಾಕೆ ಅಚ್ಚು ಹಾಕಿದರು?

ಇದು ಈ ಪ್ರಶ್ನೆಗಳಲ್ಲೆಲ್ಲ ನನಗೆ ಇಷ್ಟವಾದದ್ದು. ಮೊದಲು ಬರೆಯಲೆಂದೇ ಹೊರಟಿದ್ದರು. 1869ರಲ್ಲಿ ಮೆಯ್‌ಜಿ ಚಕ್ರವರ್ತಿಯ ಹೆಸರಿನಲ್ಲೇ ಆದೇಶ ಬಂತು: ಆರು ಚರಿತ್ರೆಗಳ ಪರಂಪರೆಯನ್ನು ಮುಂದುವರಿಸಿ ಅಂತ. ಕಚೇರಿ ಆಯಿತು, ವಿದ್ವಾಂಸರು ಸೇರಿದರು. 1887ರಲ್ಲಿ ಜರ್ಮನಿಯಿಂದ ಲುಡ್ವಿಗ್ ರೀಸ್ ಟೋಕಿಯೋಗೆ ಪಾಠ ಮಾಡಲು ಬಂದರು. ದಾಖಲೆಯನ್ನು ಒರೆಗೆ ಹಚ್ಚಿ ನೋಡುವ ಜರ್ಮನ್ ಪದ್ಧತಿ ಜೊತೆಯಲ್ಲೇ ಬಂತು.

ತೊಂದರೆಯೂ ಅಲ್ಲಿಂದಲೇ. ಶಿಗೆನೊ ಯಾಸುತ್ಸುಗು, ಕುಮೆ ಕುನಿತಾಕೆ ಮುಂತಾದವರು ಜನ ಪೂಜಿಸುತ್ತಿದ್ದ ವೀರರ ಕಥೆಗಳನ್ನೇ ಪರೀಕ್ಷೆಗೆ ಒಡ್ಡಿದರು. ಕುಮೆ ಸಾಮಾನ್ಯ ಮನುಷ್ಯ ಅಲ್ಲ. 1871ರಿಂದ 1873ರವರೆಗೆ ಅಮೆರಿಕ, ಯೂರೋಪ್ ಸುತ್ತಿದ ಇವಾಕುರಾ ನಿಯೋಗದ ಅಧಿಕೃತ ವರದಿ ಬರೆದವರು. ಜಪಾನಿನ ಮೂಲ ಧರ್ಮವಾದ ಶಿಂತೋ ಅನ್ನುವುದು ಹಳೆಯ ಆಕಾಶಪೂಜೆಯ ಉಳಿಕೆ ಅಂತ ಅವರು 1891ರಲ್ಲಿ ಲೇಖನ ಬರೆದರು. ವಿದ್ವತ್ ಪತ್ರಿಕೆಯಲ್ಲಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ವರ್ಷ ತಾಗುಚಿ ಉಕಿಚಿ ತಮ್ಮ ಪತ್ರಿಕೆಯಲ್ಲಿ ಅದನ್ನು ಮರುಮುದ್ರಣ ಮಾಡಿದರು, ಗದ್ದಲ ಎದ್ದಿತು. ಶಿಂತೋ ಪಂಥದವರು ಮನೆಗೇ ಬಂದರು. ಕುಮೆ ಕೆಲಸ ಕಳೆದುಕೊಂಡರು. 1893ರಲ್ಲಿ ಶಿಕ್ಷಣ ಸಚಿವ ಇನೊಉಎ ಕೊವಾಶಿ ಚರಿತ್ರೆ ಬರೆಯುವ ಕಚೇರಿಯನ್ನೇ ಮುಚ್ಚಿಸಿದರು.

1895ರಲ್ಲಿ ಮತ್ತೆ ತೆರೆದಾಗ ಕೆಲಸದ ಸ್ವರೂಪವೇ ಬದಲಾಗಿತ್ತು. ಕಥನ ಬೇಡ, ದಾಖಲೆ ಸಂಗ್ರಹಿಸಿ ಅಚ್ಚು ಮಾಡಿ, ಸಾಕು. ಅದರ ಫಲವೇ 1901ರ ಸಂಪುಟಗಳು. ಅಂದರೆ ಇವತ್ತು ನಾವು 'ನಿಷ್ಪಕ್ಷಪಾತ' ಅಂತ ಹೊಗಳುವ ಆ ಶೈಲಿಯ ಹಿಂದೆ ಸ್ವಲ್ಪ ಭಯವೂ ಇತ್ತು. ಇನ್ನೊಂದು ತಮಾಷೆ: ಆ ಲೇಖನ ಮರುಮುದ್ರಿಸಿದ ತಾಗುಚಿಯೇ 1897ರಲ್ಲಿ ಕೊಕುಶಿ ತಾಯ್‌ಕೆಯ್ ಅನ್ನುವ ಮೂಲಗ್ರಂಥಗಳ ಮಾಲೆ ಶುರು ಮಾಡಿದರು. ಅದನ್ನು 1929ರಿಂದ ಕುರೋಯಿತಾ ಕಾತ್ಸುಮಿ ಪರಿಷ್ಕರಿಸತೊಡಗಿದರು. 1964ರಲ್ಲಿ ಮುಗಿದಾಗ 66 ಪುಸ್ತಕ. ಆರು ಚರಿತ್ರೆಗಳ ಪಠ್ಯಕ್ಕೆ ಈಗಲೂ ಬಹಳ ಜನ ಉಲ್ಲೇಖಿಸುವುದು ಅದನ್ನೇ.

ಭಾರತಕ್ಕೆ ಸಂಬಂಧಪಟ್ಟದ್ದು ಇವುಗಳಲ್ಲಿ ಏನಾದರೂ ಸಿಗುತ್ತದಾ?

ಸಿಗುತ್ತದೆ. ನಾರಾದ ತೋದಾಯ್‌ಜಿ ಮಂದಿರದ ಮಹಾಬುದ್ಧನಿಗೆ 752ರಲ್ಲಿ ಕಣ್ಣು ಬರೆದು ಪ್ರಾಣಪ್ರತಿಷ್ಠೆ ಮಾಡಿದವರು ಭಾರತದ ಸನ್ಯಾಸಿ ಬೋಧಿಸೇನ. ಅವರು ಜಪಾನಿಗೆ ಬಂದದ್ದು 736ರಲ್ಲಿ, ತೀರಿಕೊಂಡದ್ದು 760ರಲ್ಲಿ. ಶಿಷ್ಯರೊಬ್ಬರು ಬರೆದ ಸ್ಮಾರಕ ಬರಹ ಉಳಿದಿದೆ. ಅದರ ಶೀರ್ಷಿಕೆಯಲ್ಲೇ ಅವರನ್ನು ದಕ್ಷಿಣ ಭಾರತದ ಬ್ರಾಹ್ಮಣ ಅಂತ ಕರೆದಿದೆ. ದಕ್ಷಿಣ ಅಂದಕೂಡಲೇ 'ಹಾಗಾದರೆ ನಮ್ಮ ಕಡೆಯವರಾ?' ಅಂತ ಕೇಳಬೇಡಿ. ಶೀರ್ಷಿಕೆ ಅಷ್ಟು ಹತ್ತಿರಕ್ಕೆ ಕರೆದೊಯ್ಯುವುದಿಲ್ಲ.

ಆ ಬರಹ ಅಚ್ಚಿನಲ್ಲಿ ಸಿಗುವುದು ಗುನ್‌ಶೋ ರುಯ್‌ಜೂ ಅನ್ನುವ ಸಂಗ್ರಹದಲ್ಲಿ.

ಗುನ್‌ಶೋ ರುಯ್‌ಜೂ ಮಾಡಿದವರು ಕುರುಡರು ಅನ್ನುವುದು ನಿಜವಾ?

ನಿಜ. ಹನವಾ ಹೊಕಿಯಿಚಿ, 1746ರಿಂದ 1821. ಈಗಿನ ಸಾಯ್ತಾಮಾ ಪ್ರಾಂತ್ಯದ ರೈತಾಪಿ ಮನೆತನ. ಚಿಕ್ಕಂದಿನಲ್ಲೇ ಕಣ್ಣು ಹೋಯಿತು. ಆ ಕಾಲದಲ್ಲಿ ಕುರುಡರಿಗೆ ಇದ್ದ ದಾರಿ ಅಂದರೆ ಅಂಗಮರ್ದನ, ಸೂಜಿ ಚಿಕಿತ್ಸೆ, ಸಂಗೀತ. ಅದು ಯಾವುದೂ ಇವರಿಗೆ ಹತ್ತಲಿಲ್ಲ. ಬೇರೆಯವರು ಓದಿದ್ದನ್ನು ಕೇಳಿ ಕೇಳಿ ನೆನಪಿನಲ್ಲಿ ಇಟ್ಟುಕೊಂಡರು.

ಚದುರಿ ಹೋಗಿದ್ದ ಸಣ್ಣ ಸಣ್ಣ ಹಳೆಯ ಕೃತಿಗಳನ್ನು ಒಟ್ಟುಗೂಡಿಸಬೇಕು ಅಂತ 1779ರಲ್ಲಿ ಹೊರಟರು. ಮುಗಿದದ್ದು 1819ರಲ್ಲಿ. 1,270ಕ್ಕೂ ಹೆಚ್ಚು ಕೃತಿಗಳು, ವಿಷಯವಾರು ವಿಂಗಡಣೆ. ಅಚ್ಚಿಗೆ ಕೆತ್ತಿದ ಮರದ ಹಲಗೆಗಳು 17,244. ಬಹುಪಾಲು ಕಾಡು ಚೆರ್ರಿ ಮರದವು, ಎರಡೂ ಬದಿ ಕೆತ್ತಿದ್ದಾರೆ. ಟೋಕಿಯೋದ ಶಿಬುಯಾದಲ್ಲಿ ಒಂದು ಹಳೆಯ ಕಟ್ಟಡದಲ್ಲಿ ಅವು ಈಗಲೂ ಇವೆ. ಹೆಲೆನ್ ಕೆಲರ್ 1937ರಲ್ಲಿ ಅಲ್ಲಿಗೆ ಹೋಗಿದ್ದರು.

ಇವರ ಬಗ್ಗೆ ಜಪಾನಿನಲ್ಲಿ ಮಕ್ಕಳಿಗೆ ಹೇಳುವ ಕಥೆಯೊಂದಿದೆ. ಪಾಠ ನಡೆಯುವಾಗ ಗಾಳಿ ಬೀಸಿ ದೀಪ ಆರಿತಂತೆ. ಶಿಷ್ಯರು ಗಾಬರಿಯಾಗಿ 'ಸ್ವಲ್ಪ ತಾಳಿ ಗುರುಗಳೇ' ಅಂದರಂತೆ. ಕಣ್ಣಿದ್ದವರ ಪಾಡು ಕಷ್ಟವಪ್ಪಾ ಅಂತ ಇವರು ನಕ್ಕರಂತೆ.

ಒಬ್ಬರೇ ಮಾಡಿದ ಇಂಥ ಕೆಲಸ ಹತ್ತಿರದ ಕಾಲದಲ್ಲಿ ಇದೆಯಾ?

ತಾಕೆಉಚಿ ರಿಜೋ. 1907ರಿಂದ 1997. ಹೆಯಾನ್ ಕಾಲದ ದಾಖಲೆಗಳನ್ನು ಒಟ್ಟು ಮಾಡಿದ ಹೆಯಾನ್ ಇಬುನ್ ಅವರದ್ದು, 1947ರಿಂದ ಬರತೊಡಗಿತು. ಆಮೇಲೆ ಕಾಮಕುರಾ ಇಬುನ್: 42 ಸಂಪುಟ, ಜೊತೆಗೆ 4 ಪುರವಣಿ, ಸುಮಾರು 35,000 ದಾಖಲೆ. ಜಮೀನು ಮಾರಿದ ಪತ್ರ, ವ್ಯಾಜ್ಯದ ಅರ್ಜಿ, ಉಯಿಲು, ದೇವಾಲಯದ ಲೆಕ್ಕ, ಎಲ್ಲ ದಿನಾಂಕದ ಕ್ರಮದಲ್ಲಿ. ಇವತ್ತು ಹದಿಮೂರನೇ ಶತಮಾನದ ಜಪಾನಿನ ಬಗ್ಗೆ ಯಾರೇ ಬರೆದರೂ ಕಾಮಕುರಾ ಇಬುನ್ ಸಂಖ್ಯೆ ಕೊಟ್ಟೇ ಬರೆಯುತ್ತಾರೆ. ಓದುವಿಕೆಯಲ್ಲಿ ಅಲ್ಲಲ್ಲಿ ತಪ್ಪುಗಳಿವೆ, ಸಂಶೋಧಕರು ತಿದ್ದುತ್ತಲೇ ಇದ್ದಾರೆ. ತಿದ್ದಲು ಮೊದಲು ಅಷ್ಟೊಂದು ಕೈಗೆ ಸಿಗಬೇಕಿತ್ತಲ್ಲ.

ಮಿತೋದ ದಾಯ್ ನಿಹೋನ್‌ಶಿ ಬಳಸಬಹುದಾ?

ಮಧ್ಯಯುಗದಲ್ಲಿ ಏನಾಯಿತು ಅಂತ ತಿಳಿಯಲು ಬೇಡ. ತೊಕುಗಾವಾ ಕಾಲದ (1603ರಿಂದ 1867) ಪಂಡಿತರು ಹೇಗೆ ಯೋಚಿಸುತ್ತಿದ್ದರು ಅಂತ ತಿಳಿಯಲು ಖಂಡಿತ. ಮಿತೋ ಸಂಸ್ಥಾನದ ತೊಕುಗಾವಾ ಮಿತ್ಸುಕುನಿ 1657ರಲ್ಲಿ ಶುರು ಮಾಡಿಸಿದ ಜಪಾನ್ ಚರಿತ್ರೆ ಇದು, ಮುಗಿದದ್ದು 1906ರಲ್ಲಿ. ಸುಮಾರು 250 ವರ್ಷ. ಚೀನೀ ಮಾದರಿಯಲ್ಲಿ, ಚೀನೀ ಬರವಣಿಗೆಯಲ್ಲೇ ಇರುವ ಕೃತಿ. ಹದಿನಾಲ್ಕನೇ ಶತಮಾನದಲ್ಲಿ ಉತ್ತರದ್ದು, ದಕ್ಷಿಣದ್ದು ಅಂತ ಎರಡು ಆಸ್ಥಾನಗಳಿದ್ದಾಗ ದಕ್ಷಿಣದ್ದೇ ನಿಜವಾದದ್ದು ಅಂತ ಇದು ಪಟ್ಟು ಹಿಡಿಯುತ್ತದೆ.

ಊರು, ಹಳ್ಳಿಗಳ ಹೆಸರು ಹುಡುಕಲು?

ಎರಡು ಸೆಟ್ ಇವೆ. ಕಾದೋಕಾವಾದ್ದು 1978ರಿಂದ 1990ರವರೆಗೆ ಬಂತು, ಪ್ರಾಂತ್ಯಕ್ಕೊಂದು ಸಂಪುಟ, ಒಳಗೆ ಅಕ್ಷರಮಾಲೆ ಕ್ರಮ. ಹೆಯ್‌ಬೋನ್‌ಶಾದ್ದು 1979ರಿಂದ 2005ರವರೆಗೆ, 50 ಸಂಪುಟ. ಅದರಲ್ಲಿ ಊರುಗಳು ನಕ್ಷೆಯ ಮೇಲೆ ಹೇಗಿವೆಯೋ ಹಾಗೆ ಅಕ್ಕಪಕ್ಕ ಬರುತ್ತವೆ. ಹೆಸರು ಗೊತ್ತಿದ್ದರೆ ಮೊದಲನೆಯದು ಬೇಗ. ಸೀಮೆಯೊಂದನ್ನು ಪೂರ್ತಿ ಅರಿಯಬೇಕಾದರೆ ಎರಡನೆಯದು.

ಕೊಡೆ, ಊಟ, ಆಟ, ಇಂಥ ವಿಷಯಗಳಿಗೆ?

ಕೊಜಿ ರುಯಿಯೆನ್. 1879ರಲ್ಲಿ ನಿಶಿಮುರಾ ಶಿಗೆಕಿ ಸೂಚಿಸಿದ್ದು, 1914ರಲ್ಲಿ ಮುಗಿದದ್ದು. 30 ವಿಭಾಗ: ಆಕಾಶ, ಋತು, ದೇವತೆಗಳು, ಆಹಾರ, ಆಟ, ಪ್ರಾಣಿ, ಗಿಡ, ಹೀಗೆ. ಪ್ರತಿ ವಿಷಯಕ್ಕೂ ಹಳೆಯ ಗ್ರಂಥಗಳಿಂದ ಸಾಲುಗಳನ್ನು ಎತ್ತಿ ಕೊಟ್ಟಿದ್ದಾರೆ. ಸುಮ್ನೆ ಪುಟ ತಿರುವಿದರೂ ಹೊತ್ತು ಹೋಗುವುದು ಗೊತ್ತಾಗಲ್ಲ.

ಇಷ್ಟು ದೊಡ್ಡ ಸೆಟ್‌ಗಳಲ್ಲೂ ತಪ್ಪು ಬಂದದ್ದಿದೆಯಾ?

ಎಲ್ಲರಿಗೂ ನೆನಪಿರುವುದು 2000ದ ಪ್ರಕರಣ. ಕೊಡಾನ್ಶಾ ಆಗ ತಾನೇ ಸಾಮಾನ್ಯ ಓದುಗರಿಗಾಗಿ ಜಪಾನ್ ಇತಿಹಾಸದ 26 ಸಂಪುಟದ ಮಾಲೆ ಶುರು ಮಾಡಿತ್ತು. ಶಿಲಾಯುಗದ ಸಂಪುಟ ಬಂದು ಹೆಚ್ಚು ದಿನ ಆಗಿರಲಿಲ್ಲ. ನವೆಂಬರ್ 5ರಂದು ಮಾಯ್ನಿಚಿ ಪತ್ರಿಕೆ ಫೋಟೋ ಸಮೇತ ಸುದ್ದಿ ಹಾಕಿತು: ಲಕ್ಷಾಂತರ ವರ್ಷ ಹಳೆಯ ಕಲ್ಲಿನ ಉಪಕರಣ ಪತ್ತೆ ಮಾಡುತ್ತಿದ್ದ ಹವ್ಯಾಸಿ ಪುರಾತತ್ವಜ್ಞರೊಬ್ಬರು ಅವನ್ನು ತಾವೇ ಹೂತಿಡುತ್ತಿದ್ದರು. ಆ ಸಂಪುಟದಲ್ಲಿ ಆ ಜಾಗಗಳ ವಿವರ ಇತ್ತು. ಪ್ರಕಾಶಕರು ಪುಸ್ತಕ ವಾಪಸ್ ಪಡೆದರು, ತಿದ್ದಿದ ಆವೃತ್ತಿ 2002ರಲ್ಲಿ ಬಂತು. ಹಳೆಯ ಪುಸ್ತಕದ ಅಂಗಡಿಯಲ್ಲಿ ಆ ಸಂಪುಟ ಕಂಡರೆ ಮುದ್ರಣದ ವರ್ಷ ನೋಡಿಕೊಳ್ಳಿ. ಅದೇ ಕಾಲದ ಶಾಲಾ ಪಠ್ಯಗಳಿಗೂ ಇದೇ ಮಾತು.

ಇತಿಹಾಸಕಾರರ ನಿಲುವು ಹೇಗೆ ಬದಲಾಯಿತು ಅಂತ ನೋಡಬೇಕು.

ಇವಾನಾಮಿ ಪ್ರಕಾಶನದ ಮಾಲೆಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಮೊದಲನೆಯದು 1933ರಲ್ಲಿ ಶುರು, ಆಮೇಲೆ ಅರವತ್ತು, ಎಪ್ಪತ್ತು, ತೊಂಬತ್ತರ ದಶಕದಲ್ಲಿ ಹೊಸದಾಗಿ ಬರೆಸಿದರು. ಈಚಿನದು 2013ರಿಂದ 2016ರವರೆಗೆ 22 ಸಂಪುಟ. ಒಂದೇ ವಿಷಯವನ್ನು ಪ್ರತಿಯೊಂದರಲ್ಲೂ ಓದಿ. ಅರವತ್ತರ ದಶಕದಲ್ಲಿ ವರ್ಗ ಸಂಘರ್ಷ ಎದ್ದು ಕಾಣುತ್ತದೆ, ಈಚಿನವುಗಳಲ್ಲಿ ಕಡಲು, ಗಡಿ, ಪರಿಸರ.

ದಿನಾಂಕ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಯಾವುದು ಸರಿ?

ಎರಡೂ ಸರಿ ಇರಬಹುದು. ಜಪಾನ್ ಈಗಿನ ಕ್ಯಾಲೆಂಡರಿಗೆ ಬಂದದ್ದು 1873ರ ಜನವರಿ 1ರಂದು. ಅದಕ್ಕೆ ಮುಂಚೆ ಚಾಂದ್ರಮಾನ, ನಮ್ಮಂತೆಯೇ ಅಧಿಕ ಮಾಸವೂ ಇತ್ತು. ಆರನೇ ತಿಂಗಳ ಎರಡನೇ ದಿನ ಅಂದರೆ ಜೂನ್ 2 ಅಲ್ಲ. ಆ ದಿನ ನಡೆದ ಹೊನ್ನೋಜಿ ಘಟನೆ ಆಗಿನ ಯೂರೋಪಿನ ಲೆಕ್ಕದಲ್ಲಿ 1582ರ ಜೂನ್ 21.

ವರ್ಷದ ಕೊನೆಯಲ್ಲಿ ಇನ್ನೂ ಗೋಜಲು. ನಲವತ್ತೇಳು ರೋನಿನ್‌ಗಳು (ಒಡೆಯನಿಲ್ಲದ ಸಮುರಾಯ್‌ಗಳು) ಕಿರಾ ಅನ್ನುವ ಅಧಿಕಾರಿಯ ಮನೆಗೆ ನುಗ್ಗಿದ್ದು ಗೆನ್‌ರೋಕು ಅನ್ನುವ ಶಕದ 15ನೇ ವರ್ಷದ ಹನ್ನೆರಡನೇ ತಿಂಗಳು 14. ಗೆನ್‌ರೋಕು 15 ಅಂದರೆ 1702 ಅಂತ ಬರೆದುಬಿಡುತ್ತಾರೆ. ಸರಿಯಾಗಿ ಲೆಕ್ಕ ಹಾಕಿದರೆ 1703ರ ಜನವರಿ 30. ನೀವು ಬರೆಯುವಾಗ ಯಾವ ಕ್ರಮ ಅಂತ ಒಮ್ಮೆ ಹೇಳಿಬಿಡಿ, ಆಮೇಲೆ ಅದನ್ನೇ ಕೊನೆಯವರೆಗೆ ಪಾಲಿಸಿ.

ಇವನ್ನೆಲ್ಲ ಕೊಳ್ಳಬೇಕಾ?

ಬೇಡಪ್ಪಾ. ದುಡ್ಡಿಗಿಂತ ಜಾಗದ್ದೇ ಸಮಸ್ಯೆ ಜಾಸ್ತಿ. ದಾಯ್ ನಿಹೋನ್ ಶಿರ್ಯೋದ ಪುಟಗಳನ್ನು ಸಂಕಲನ ಸಂಸ್ಥೆಯ ದತ್ತಾಂಶ ಕೋಶದಲ್ಲಿ ಬಿಟ್ಟಿಯಾಗಿ ನೋಡಬಹುದು. ಕೊಜಿ ರುಯಿಯೆನ್‌ನ ಪುಟಗಳೂ ಅಂತರ್ಜಾಲದಲ್ಲಿವೆ. ಹಕ್ಕು ಮುಗಿದ ಬೇರೆ ಹಳೆಯ ಮುದ್ರಣಗಳಿಗೆ ರಾಷ್ಟ್ರೀಯ ಸಂಸತ್ ಗ್ರಂಥಾಲಯದ ಡಿಜಿಟಲ್ ಸಂಗ್ರಹ ನೋಡಿ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕೂತು ಇಷ್ಟು ಸಿಗುವುದು ಹಿಂದೆ ಊಹಿಸಲೂ ಆಗದ ಮಾತು. ಕೊಕುಶಿ ದಾಯ್‌ಜಿತೆನ್‌ಗೆ ಮಾತ್ರ ಚಂದಾ ಇರುವ ವಿಶ್ವವಿದ್ಯಾಲಯ ಬೇಕು. ದೆಹಲಿಗೆ ಹೋಗುವವರು ಜಪಾನ್ ಫೌಂಡೇಶನ್ ಗ್ರಂಥಾಲಯವನ್ನೂ ಒಮ್ಮೆ ನೋಡಿ ಬನ್ನಿ.

ಉಲ್ಲೇಖ ಕೊಡುವುದು ಹೇಗೆ?

ಸೆಟ್‌ನ ಹೆಸರು ಮಾತ್ರ ಬರೆದರೆ ಯಾರಿಗೂ ಉಪಯೋಗವಿಲ್ಲ. ಸಹಿ ಇರುವ ನಮೂದಾದರೆ ಬರೆದವರ ಹೆಸರು, ನಮೂದಿನ ಹೆಸರು, ಸಂಪುಟ, ಆ ಸಂಪುಟದ ವರ್ಷ. ಕೇಂಬ್ರಿಡ್ಜ್ ಆದರೆ ಸಂಪಾದಕರಲ್ಲ, ಅಧ್ಯಾಯ ಬರೆದವರ ಹೆಸರು ಮೊದಲು. ದಾಯ್ ನಿಹೋನ್ ಶಿರ್ಯೋ ಆದರೆ ಸರಣಿ, ಸಂಪುಟ, ಪುಟದ ಜೊತೆಗೆ ಒಳಗಿನ ಮೂಲ ದಾಖಲೆ ಯಾವುದು ಅಂತಲೂ ಹೇಳಬೇಕು. ಆಸ್ಥಾನಿಕನ ಅವತ್ತಿನ ದಿನಚರಿಗೂ ನೂರು ವರ್ಷದ ನಂತರದ ಯುದ್ಧಕಥೆಗೂ ಪುಟದ ಸಂಖ್ಯೆ ಒಂದೇ ಇರಬಹುದು, ತೂಕ ಒಂದೇ ಅಲ್ಲ ಅಲ್ವಾ. ಜಪಾನಿ ಹೆಸರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಸೂಚಿಯಲ್ಲಿ ಹುಡುಕುವಾಗಲೂ ಅದನ್ನೇ ನೋಡಿ.